ಹೆಪ್ಪುಗಟ್ಟದ ಎಣ್ಣೆ

ಹದಿಮೂರನೆಯ ತಾರೀಖಿನ ಭರಣಿಯ ಮುಚ್ಚಳ ತೆಗೆದು ಬೋರಲು ಹಿಡಿದರೂ ಒಳಗಿನ ಎಣ್ಣೆ ಜಾರಲಿಲ್ಲ. ಬೆಳ್ಳಗೆ, ಬೆಣ್ಣೆಯ ಮುದ್ದೆಯಂತೆ ಗಾಜಿಗೆ ಕಚ್ಚಿಕೊಂಡಿತ್ತು.

ಹದಿನಾಲ್ಕರದನ್ನು ಓರೆ ಮಾಡಿದ. ಅದು ಅಂಬಲಿಯಂತೆ ಮೆಲ್ಲಗೆ ಹೊಯ್ದಾಡಿತು.

ಹದಿನೈದರದು ಬರೀ ಎಣ್ಣೆ. ಫೌಜದಾರ ಮೈಲಾರಪ್ಪನ ಖಾಕಿ ತೋಳಿನ ಮೇಲೆ ನಾಲ್ಕು ತೊಟ್ಟು ಬಿದ್ದು ಹರಡಿದವು. ಹದಿನಾರರದೂ ಹಾಗೆಯೇ. ಹದಿನೇಳರ ಜಾಗ ಖಾಲಿ. ಅದನ್ನು ಎಂಟು ದಿನದ ಹಿಂದೆ ಅವನೇ ಧಾರವಾಡಕ್ಕೆ ಕಳಿಸಿದ್ದ. ಹದಿನೆಂಟರಿಂದ ಮುಂದೆ ಭರಣಿಗಳೇ ಇಲ್ಲ. ಅವುಗಳನ್ನು ತುಂಬುತ್ತಿದ್ದವನು ಅಂದು ಹಾಸಿಗೆ ಹಿಡಿದಿದ್ದ.

ರಾಣೇಬೆನ್ನೂರಿನ ಹಳೆಯ ಅರಳೆ ಕಾರಖಾನೆಯ ಹಿಂದಿನ ಈ ಹಂಚಿನ ಶೆಡ್ಡಿನಲ್ಲಿ ವಿರೂಪಾಕ್ಷ ಎರಡು ವರ್ಷ ದುಡಿದಿದ್ದ. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಂದವನು, ವಯಸ್ಸು ಇಪ್ಪತ್ತೊಂಬತ್ತು. ಕಾಯಿಸಿದ ಶೇಂಗಾ ಎಣ್ಣೆಗೆ ನಿಕ್ಕಲ್ಲಿನ ನುಣ್ಣನೆಯ ಪುಡಿ ಬೆರೆಸಿ, ಸತುವಿಗೆ ಆಮ್ಲ ಸುರಿದು ತೆಗೆದ ಜಲಜನಕದ ಗಾಳಿಯನ್ನು ಅದರೊಳಗೆ ಹಾಯಿಸಿ, ಎಣ್ಣೆಯನ್ನು ತುಪ್ಪದಂತೆ ಗಟ್ಟಿ ಮಾಡುವುದು ಅವನ ಕೆಲಸ. ದಿನದ ಎಣ್ಣೆ ದಿನದ ಭರಣಿಗೆ ಹೋಗುತ್ತಿತ್ತು. ಅವನು ಬರೆದ ಕಾಗದ ಓದಿ, ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಮುಂಬಯಿಯಿಂದ ಈ ಕೆಲಸ ನೋಡಲು ಜನ ಬರುವವರಿದ್ದರು. ಇಪ್ಪತ್ತೆರಡಕ್ಕೆ ಅವನು ತೀರಿಕೊಂಡ.

ಕಪ್ಪುನೀರಿನ ಜ್ವರ ಎಂದು ಡಾಕ್ಟರರು ಬರೆದುಕೊಟ್ಟಿದ್ದರು. ಮಲೇರಿಯಾ ವಿಪರೀತಕ್ಕೆ ಹೋಗಿ, ಮೂತ್ರ ಕಪ್ಪಗಾಗಿ ಮನುಷ್ಯ ಸಾಯುವ ರೋಗ ಅದು. ಆದರೆ ಮಲಗಿದ್ದ ಐದು ದಿನದಲ್ಲಿ ಒಮ್ಮೆಯೂ ವಿರೂಪಾಕ್ಷನ ಮೈ ಸುಟ್ಟಿರಲಿಲ್ಲ. ಬಿಸಿಯಿಲ್ಲದ ಆ ಜ್ವರವೇ ಮೈಲಾರಪ್ಪನನ್ನು ಈ ಶೆಡ್ಡಿಗೆ ಎಳೆದು ತಂದಿತ್ತು. ದೇಹವನ್ನು ತೀರಿಕೊಂಡ ದಿನವೇ ಮಧ್ಯಾಹ್ನ ಸುಟ್ಟಿದ್ದರು. ಸಾಕ್ಷಿ ಕೇಳಲು ಉಳಿದದ್ದು ಈ ಭರಣಿಗಳಷ್ಟೇ.

ಮತ್ತು ಇಂದು ಬೆಳಿಗ್ಗೆ ಬಂದ ಕಾಗದ. ಧಾರವಾಡದ ರಸಾಯನಶಾಸ್ತ್ರದ ಮೇಷ್ಟರೊಬ್ಬರು ತಮ್ಮ ಸಣ್ಣ ಅಕ್ಷರದಲ್ಲಿ ಎರಡು ಮಗ್ಗುಲು ಬರೆದಿದ್ದರು. ಮೈಲಾರಪ್ಪ ಅದನ್ನು ಮೂರನೆಯ ಸಲ ಓದಿದ.

"ನೀವು ಕಳಿಸಿದ ಭರಣಿಯ ತಳದಲ್ಲಿದ್ದ ನಿಕ್ಕಲ್ ಪುಡಿಯಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಸಿಕ್ಕಿದೆ. ನಿಕ್ಕಲ್ಲು ಈ ಕೆಲಸದಲ್ಲಿ ಖರ್ಚಾಗುವ ವಸ್ತುವಲ್ಲ. ಎಣ್ಣೆಯೂ ಜಲಜನಕವೂ ಅದರ ಕಣಗಳ ಮೈಮೇಲೆ ಬಂದು ಕೂತು, ಅಲ್ಲಿ ಒಂದನ್ನೊಂದು ಕೂಡಿ ಎದ್ದು ಹೋಗುತ್ತವೆ. ಖಾಲಿಯಾದ ಜಾಗಕ್ಕೆ ಮತ್ತೆ ಬೇರೆಯವು ಬರುತ್ತವೆ. ಜಲಜನಕದಲ್ಲಿ ಪಾಷಾಣದ ಅನಿಲ ತುಸುವೇ ಬೆರೆತಿದ್ದರೂ ಅದು ಮುಂಚೆ ಬಂದು ಕೂರುತ್ತದೆ. ಕೂತದ್ದು ಏಳುವುದಿಲ್ಲ. ಜಾಗವೆಲ್ಲ ಹೀಗೆ ತುಂಬಿಹೋದರೆ ಎಣ್ಣೆ ಗಟ್ಟಿಯಾಗುವುದು ನಿಲ್ಲುತ್ತದೆ. ಅಲ್ಲಿಯವರೆಗೆ ನಿಕ್ಕಲ್ಲು ಆ ವಿಷವನ್ನು ತಾನೇ ನುಂಗುತ್ತಿರುತ್ತದೆ. ಆಮೇಲೆ ಬಂದದ್ದೆಲ್ಲ ಕೋಣೆಗೆ ಹೊರಬೀಳುತ್ತದೆ. ಅದನ್ನು ಉಸಿರಾಡಿದವನ ರಕ್ತ ಒಡೆದು ಮೂತ್ರ ಕಪ್ಪಾಗುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ. ಬೆಳ್ಳುಳ್ಳಿಯ ವಾಸನೆ ಮಾತ್ರ ಇರುತ್ತದೆ."

ಮೈಲಾರಪ್ಪ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಹಿತ್ತಲು ದಾಟಿ ಮನೆಗೆ ಹೋದ.

ವಿರೂಪಾಕ್ಷನ ತಾಯಿ ಗೋದೂಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹನ್ನೆರಡು ದಿನದಲ್ಲಿ ಹನ್ನೆರಡು ವರ್ಷ ಸವೆದ ಹಾಗಿದ್ದಳು. ಸೊಸೆ ಮಥುರಾಬಾಯಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಿಟ್ಟು, ಮಾತಿಲ್ಲದೆ ಬಾಗಿಲ ಹಿಂದೆ ಸರಿದಳು.

"ಅವ್ವಾ, ಒಂದ ಮಾತು ಕೇಳ್ತೇನಿ," ಎಂದ ಮೈಲಾರಪ್ಪ. "ಕಡೀ ದಿನದಾಗ ಮಗನ ಮೈಮ್ಯಾಲ, ಅರಿವಿಮ್ಯಾಲ ಏನಾರ ವಾಸನಿ ಬರ್ತಿತ್ತೇನು?"

ಗೋದೂಬಾಯಿಯ ಮುಖ ಬಿಳಿಚಿತು.

"ನಿಮಗ ಯಾರ ಹೇಳಿದ್ರಪಾ?"

"ಯಾರೂ ಹೇಳಿಲ್ಲ."

"ಬೆಳ್ಳೊಳ್ಳಿ," ಎಂದಳು ಅವಳು. "ಈ ಮನ್ಯಾಗ ಉಳ್ಳಾಗಡ್ಡಿ, ಬೆಳ್ಳೊಳ್ಳಿ ಹೊಸ್ತಿಲಾ ದಾಟಿಲ್ಲ. ಅವನ ಅಂಗಿ ಹಿಂಡಲಿಕ್ಕೆ ತಗೊಂಡ್ರ ಬೆಳ್ಳೊಳ್ಳಿ ನಾತ. ಪ್ಯಾಟಿಯೊಳಗ ಎಲ್ಲೋ ತಿಂದ ಬರ್ಲಿಕ್ಕೆ ಹತ್ಯಾನ ಅಂತ ತಿಳಕೊಂಡೆ. ಕೇಳಿದೆ. ಇಲ್ಲವ್ವಾ ಅಂದ. ನಕ್ಕ. ಸುಳ್ಳ ಹೇಳ್ತಾನ ಅಂತ ನನಗ ಸಿಟ್ಟ ಬಂತು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಎರಡ ದಿವಸ ಅವನ್ನ ಅಡಿಗಿಮನಿಗೆ ಬಿಟ್ಟಗೊಳ್ಳಲಿಲ್ಲ. ಹಿತ್ತಲದಾಗ ಎಲಿ ಹಾಕಿದೆ. ಅಲ್ಲೇ ಕೂತು ಉಂಡ. ತಲಿ ನೋಯ್ತದ ಅಂದ, ಬೆಳ್ಳೊಳ್ಳಿ ತಿಂದವರಿಗೆ ನೋಯದೇನು ಅಂದೆ ನಾನು. ನನ್ನ ಕೂಸು ಕಡೀಗೆ ಕೂತು ಉಂಡದ್ದು ಹಿತ್ತಲದಾಗ, ಫೌಜದಾರಪಾ."

ಮಗ ಬೆಳ್ಳುಳ್ಳಿ ತಿಂದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ವಿಷದ ಗಾಳಿ ಉಸಿರಾಡುತ್ತಿದ್ದ. ಇದನ್ನು ಹೇಳಿದರೆ ಈ ಮುದುಕಿಗೆ ಸಮಾಧಾನವೋ, ಇನ್ನೂ ದೊಡ್ಡ ನೋವೋ?

"ಅವ ಖರೇನ ಹೇಳ್ಯಾನವ್ವಾ," ಎಂದಷ್ಟೇ ಹೇಳಿ ಮೈಲಾರಪ್ಪ ಎದ್ದ.

ಹೊರಗೆ ಬಂದು ವಿರೂಪಾಕ್ಷನ ನೋಟ್ ಪುಸ್ತಕವನ್ನು ಮತ್ತೆ ತೆರೆದ. ಅವನು ಜಿಪುಣನಂತೆ ಬರೆಯುತ್ತಿದ್ದ, ದಿನಕ್ಕೆ ಒಂದೆರಡು ಸಾಲು.

"೮: ಹೆಪ್ಪು ಹಿಡಿಯಿತು. ಸಂಜೆ ಗಂ. ಬಂದಿದ್ದ. ೯: ಹಿಡಿಯಲಿಲ್ಲ. ವಾಸನೆ. ೧೦: ಇಲ್ಲ. ವಾಸನೆ. ೧೧: ಇಲ್ಲ. ೧೨: ಹೊಸ ನಿಕ್ಕಲ್ಲು. ಗಾಳಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದೆ. ಹಿಡಿಯಿತು. ೧೩: ಚೆನ್ನಾಗಿ ಹಿಡಿಯಿತು. ೧೪: ಅರ್ಧ. ಗಾಳಿ ತೊಳೆದದ್ದೇ ಇದೆ, ದೋಷ ಬೇರೆಲ್ಲೋ. ೧೫: ಇಲ್ಲ. ೧೬: ಕೊಳವೆ ಬಿಚ್ಚಿ ಮೂಸಿ ನೋಡಿದೆ. ಬೇರೆ ವಾಸನೆ. ತಲೆನೋವು. ೧೭: ಇಲ್ಲ. ನಾಳೆ ಸತು ಬದಲಿಸಬೇಕು."

ತಪ್ಪು ಎಲ್ಲಿದೆಯೆಂದು ಮೂಗಿನಿಂದ ಹುಡುಕುತ್ತ ಹೋಗಿದ್ದ ಪುಣ್ಯಾತ್ಮ.

ಮೈಲಾರಪ್ಪ ಎಂಟನೆಯ ತಾರೀಖಿನ ಸಾಲಿನ ಮೇಲೆ ಬೆರಳಿಟ್ಟ. ಗಂ. ಎಂದರೆ ಗಂಗಾಧರ. ಪುಣೆಯಲ್ಲಿ ವಿರೂಪಾಕ್ಷನ ಸಹಪಾಠಿ, ಈಗ ಹಾವೇರಿಯಲ್ಲಿ ಶಾಲೆಯ ಮಾಸ್ತರ. ಅವನು ಬಂದು ಹೋದ ಮರುದಿನದಿಂದ ಎಣ್ಣೆ ಹೆಪ್ಪುಗಟ್ಟಿರಲಿಲ್ಲ.

ನಡುವೆ ಎರಡು ದಿನ ಮಾತ್ರ ಗಟ್ಟಿಯಾಗಿತ್ತು. ಅದೇಕೆಂದು ಮೈಲಾರಪ್ಪನಿಗೆ ತಿಳಿಯಲಿಲ್ಲ. ಆ ಎರಡು ಭರಣಿಗಳು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದವು. ಆದರೂ ಅವನು ಹಾವೇರಿಗೆ ಆಳು ಕಳಿಸಿದ.

*

ಮರುದಿನ ಹತ್ತು ಗಂಟೆಯ ಪ್ಯಾಸೆಂಜರಿಗೆ ಗಂಗಾಧರ ಬ್ಯಾಡಗಿಯಲ್ಲಿ ಇಳಿದ. ಕರಿ ಕೋಟು, ಕೈಯಲ್ಲಿ ಛತ್ರಿ, ಕಣ್ಣಿಗೆ ತೆಳುವಾದ ಚಾಳೀಸು.

"ರಾಣೇಬೆನ್ನೂರು ಬಿಟ್ಟು ಇಲ್ಲಿ ಯಾಕ ಕರಸಿದ್ರಿ, ಸಾಹೇಬ್ರ?"

"ಬರ್ರಿ, ಹೇಳ್ತೇನಿ," ಎಂದ ಮೈಲಾರಪ್ಪ.

ಸುಗ್ಗಿಯ ದಿನ. ಪೇಟೆಯ ಅಂಗಳದ ತುಂಬ ಮೆಣಸಿನಕಾಯಿಯ ಕೆಂಪು ರಾಶಿ. ಹಮಾಲರು ಬಾಯಿಗೆ ಅರಿವೆ ಕಟ್ಟಿಕೊಂಡು ಚೀಲ ತುಳಿದು ತುಂಬುತ್ತಿದ್ದರು. ಒಂದು ಚೀಲ ಕೆಳಗಿಟ್ಟರೆ ಸಾಕು, ಆ ಕಡೆಯಿಂದ ಈ ಕಡೆಯವರೆಗೆ ಜನ ಕೆಮ್ಮುತ್ತಿದ್ದರು.

ಗಿರಿಯಪ್ಪನ ಅಂಗಡಿ ಮೂಲೆಯಲ್ಲಿತ್ತು. ಮುಂದೆ ಗಾದಿ, ಹಿಂದೆ ಗೋದಾಮು, ನಡುವೆ ಒಂದು ಕತ್ತಲೆ ಕೋಣೆ. ಐವತ್ತು ದಾಟಿದ ದಪ್ಪ ಆಸಾಮಿ. ರಾಣೇಬೆನ್ನೂರಿನ ಹಳೆಯ ಅರಳೆ ಕಾರಖಾನೆ ಅವನದೇ. ಹಿಂದಿನ ಶೆಡ್ಡನ್ನು ವಿರೂಪಾಕ್ಷನಿಗೆ ಬಿಟ್ಟುಕೊಟ್ಟವನೂ ಅವನೇ.

ಮೂವರೂ ಕೋಣೆಯಲ್ಲಿ ಕೂತರು. ಮೈಲಾರಪ್ಪ ಬಾಗಿಲು ಮುಂದೆ ಮಾಡಿದ.

"ಗಿರಿಯಪ್ಪನವರ, ಗೋದಾಮಿನ್ಯಾಗ ಇಲಿಗೆ ಏನ ಇಡ್ತೀರಿ?"

"ಪಾಷಾಣರಿ. ಬ್ಯಾಡಗ್ಯಾಗ ಎಲ್ಲಾರೂ ಅದನ್ನ ಇಡ್ತಾರ."

"ಈ ಮಾಸ್ತರು ನಿಮ್ಮ ಕಡೆ ಎಂದಾರ ಅದನ್ನ ಕೇಳಿ ಒಯ್ದಾರೇನು?"

ಗಿರಿಯಪ್ಪ ಮಾಸ್ತರನನ್ನು ನೋಡಿದ. ತಲೆ ಅಲ್ಲಾಡಿಸಿದ. "ಇಲ್ರಿ. ಇವರಿಗೂ ನನಗೂ ಅಷ್ಟು ಬಳಕಿ ಇಲ್ಲ."

ಗಂಗಾಧರನ ಬೆರಳು ಛತ್ರಿಯ ಹಿಡಿಕೆಯ ಮೇಲೆ ಬಿಗಿಯಾಯಿತು. "ಇದೇನ್ರಿ ಇದು? ವಿರೂಪಾಕ್ಷ ಜ್ವರದಿಂದ ಹೋದ."

"ಜ್ವರ ಬಂದಿರಲಿಲ್ಲ. ಅವ ಕುದಿಸಿದ ಎಣ್ಣಿ ತಳದಾಗ ಪಾಷಾಣ ಸಿಕ್ಕೈತಿ. ಜಲಜನಕದಾಗ ಪಾಷಾಣದ ಗಾಳಿ ಸೇರಿತ್ತು. ಅದನ್ನ ಕುಡುದು ಸತ್ತಾನ."

ಮಾಸ್ತರ ತರಗತಿಯಲ್ಲಿ ಹೇಳುವವನ ದನಿಯಲ್ಲಿ ಹೇಳಿದ:

"ಸತುವಿನ್ಯಾಗ ಪಾಷಾಣ ಇರ್ತದ, ಸಾಹೇಬ್ರ. ಹುಟ್ಟತಾನ ಇರ್ತದ. ಗಣಿಯಿಂದ ಬರೋದಽ ಹಂಗ. ಸತುವಿಗೆ ಆಮ್ಲ ಹಾಕಿ ಜಲಜನಕ ತಗದ್ರ ಅದರ ಜೋಡಿ ಸ್ವಲ್ಪ ಅದೂ ಬರ್ತದ. ಇದಕ್ಕ ಯಾರ ತಪ್ಪೂ ಅಲ್ಲ."

"ಹೌದು. ಧಾರವಾಡದವರೂ ಹಂಗಽ ಬರದಾರ," ಎಂದ ಮೈಲಾರಪ್ಪ. "ಆದ್ರ ನವೆಂಬರಿಂದ ಒಂದಽ ಪೆಟಿಗಿ ಸತು, ಒಂದಽ ಬುರುಡಿ ಆಮ್ಲ. ಒಂದು ದಿವಸರ ಎಣ್ಣಿ ಹಿಡೀದಽ ಇರಲಿಲ್ಲ. ಡಿಸೆಂಬರ ಎಂಟಕ್ಕ ಸಂಜಿಗೆ ನೀವು ಹೋದ್ರಿ. ಒಂಬತ್ತಕ್ಕ ಹಿಡೀಲಿಲ್ಲ. ಸತುವಿಗೆ ಒಮ್ಮಿಂದೊಮ್ಮೆಲೆ ಬುದ್ಧಿ ಬಂತೇನ್ರಿ?"

ಹೊರಗೆ ಯಾರೋ ಚೀಲ ಉರುಳಿಸಿದರು. ಕದದ ಸಂದಿಯಿಂದ ಘಾಟು ಒಳಗೆ ಬಂತು. ಗಂಗಾಧರ ಕೆಮ್ಮಿದ. ಚಾಳೀಸು ತೆಗೆದು ಕಣ್ಣೊರೆಸಿಕೊಂಡ. ಒರೆಸಿದಷ್ಟೂ ನೀರು ಬಂತು. ಅದು ಘಾಟಿನ ನೀರೋ ಬೇರೆಯೋ ಹೇಳುವುದು ಕಷ್ಟವಿತ್ತು.

"ಮುಂಬಯಿಗೆ ಹೋದ ಕಾಗದದಾಗ ಒಂದಽ ಹೆಸರಿತ್ತು," ಎಂದ ಮೈಲಾರಪ್ಪ ಮೆಲ್ಲಗೆ. "ನಿಮ್ಮದಿರಲಿಲ್ಲ. ಅದು ನನಗ ಗೊತ್ತೈತಿ."

"ಎರಡ ವರ್ಷ," ಎಂದ ಗಂಗಾಧರ. "ಪುಣ್ಯಾದಾಗ ಒಂದು ಖೋಲಿ ಹಿಡಿದು ಇಬ್ರೂ ಕೂಡಿ ಎಣ್ಣಿ ಕಾಸಿದ್ವಿ. ಒಂದು ಸಲಾ ನನ್ನ ಕೈ ಸುಟ್ಟಿತ್ತು, ಇಲ್ಲಿ ನೋಡ್ರಿ. ಅಪ್ಪ ಹೋದ, ತಂಗ್ಯಾರ ಮದವಿ ನನ್ನ ತಲಿಮ್ಯಾಲೆ ಬಂತು, ನಾ ಸಾಲಿ ಮಾಸ್ತರಿಕಿ ಹಿಡಿದೆ. ಅವ ಮುಂದ ಹ್ವಾದ. ಹೋಗ್ಲಿ. ಆದ್ರ ಆ ಕಾಗದದಾಗ ನನ್ನ ಹೆಸರ ಒಂದು ಮೂಲಿಗೆ ಬರೀಬಹುದಿತ್ತಲ್ಲಾ?"

"ಅದಕ್ಕ ಕೊಂದಿ."

"ಇಲ್ಲ!"

ಗಂಗಾಧರ ಎದ್ದು ನಿಂತುಬಿಟ್ಟಿದ್ದ. ಛತ್ರಿ ನೆಲಕ್ಕೆ ಬಿತ್ತು.

"ಹೌದು, ನಾನಽ ಹಾಕಿದೆ. ಎಂಟಕ್ಕ ಸಂಜಿಗೆ. ಅವ ಕೈ ತೊಳೀಲಿಕ್ಕೆ ಹೋದಾಗ ಸತುವಿನ ಡಬ್ಬಿಯೊಳಗ ಹಾಕಿದೆ. ನಿಕ್ಕಲ್ಲು ಸಾಯ್ಲಿ ಅಂತ ಹಾಕಿದೆ, ಅವ ಸಾಯ್ಲಿ ಅಂತ ಅಲ್ಲ! ಮುಂಬಯಿಯವರು ಬಂದಾಗ ಎಣ್ಣಿ ಹಿಡೀಬಾರದು, ಅವ ನಾಚಬೇಕು, ನನ್ನ ಹಂತ್ಯಾಕ ಬಂದು ಗಂಗ್ಯಾ ಏನಾತೋ ಇದಕ್ಕ ಅಂತ ಕೇಳಬೇಕು. ಇಷ್ಟಽ ನನಗ ಬೇಕಾಗಿತ್ತು."

"ಪಾಷಾಣ ಎಲ್ಲಿಂದ ತಂದಿ?"

"ಪಾಷಾಣ?" ಗಂಗಾಧರ ಅವನ ಮುಖವನ್ನೇ ನೋಡಿದ. "ಪಾಷಾಣ ಯಾರ ಹಾಕಿದ್ರು? ನಾ ಹಾಕಿದ್ದು ಗಂಧಕದ ಕಲ್ಲು. ಕಬ್ಬಿಣ, ಗಂಧಕ ಕೂಡಿಸಿ ಕರಗಿಸಿದ್ದು. ಸಾಲ್ಯಾಗ ಇರ್ತದ. ಅದಕ್ಕ ಆಮ್ಲ ಬಿದ್ರ ಕೊಳತ ತತ್ತಿ ನಾತದ ಗಾಳಿ ಬರ್ತದ. ಅದೂ ಹಿಂಗಽ ನಿಕ್ಕಲ್ಲಿನ ಮ್ಯಾಲೆ ಕೂತು ಏಳಂಗಿಲ್ಲ."

"ಅದೂ ವಿಷಾನಽ ಅಲ್ಲೇನು?"

"ವಿಷಾನಽ. ಆದ್ರ ಒಂದು ಚೂರು ಬಂದ್ರೂ ಮನಶ್ಯಾ ಮೂಗ ಮುಚ್ಚಿಕೊಂಡು ಹೊರಗ ಓಡ್ತಾನ. ಅದಕ್ಕಂತಽ ಅದನ್ನ ಹಾಕಿದ್ದು, ಸಾಹೇಬ್ರ. ಅವಗ ಏನೂ ಆಗಬಾರದು ಅಂತ."

ಮೈಲಾರಪ್ಪ ನೋಟ್ ಪುಸ್ತಕ ತೆಗೆದ. ಒಂಬತ್ತಕ್ಕೆ ವಾಸನೆ. ಹತ್ತಕ್ಕೆ ವಾಸನೆ. ಹದಿನಾರಕ್ಕೆ ಬೇರೆ ವಾಸನೆ. ಬೇರೆ ಎಂಬ ಆ ಮಾತನ್ನು ಅವನು ನಿನ್ನೆ ಓದಿದ್ದ, ಓದಿಯೂ ದಾಟಿ ಹೋಗಿದ್ದ.

ಗೋದೂಬಾಯಿ ಹೇಳಿದ್ದು ಬೆಳ್ಳುಳ್ಳಿ. ಕೊಳೆತ ತತ್ತಿ ಎಂದು ಅವಳು ಹೇಳಿರಲಿಲ್ಲ.

"ಹನ್ನೆರಡು, ಹದಿಮೂರಕ್ಕ ಮತ್ತ ಎಣ್ಣಿ ಹಿಡದೈತಿ," ಎಂದ ನಿಧಾನಕ್ಕೆ. "ಗಾಳಿ ಸೋಡಾದಾಗ ತೊಳದೇನಿ ಅಂತ ಬರದಾನ. ಅವಗ ಹೆಂಗ ಗೊತ್ತಾತು?"

ಗಂಗಾಧರ ಮತ್ತೆ ಕೂತ.

"ನಾನಽ ತಿಳಿಸಿದೆ. ಮೂರ ದಿವಸ ಊಟ ಸೇರಲಿಲ್ಲ ನನಗ. ಆಯಿತವಾರ, ಹನ್ನೊಂದಕ್ಕ, ಒಂದು ಕಾರ್ಡ ಬರದೆ. ಗಂಧಕದ ಕಲ್ಲು ಹಾಕೇನಿ, ಆರಿಸಿ ಒಗಿ, ನಿಕ್ಕಲ್ಲು ಹೊಸಾದು ತಗೋ, ಗಾಳಿ ಕಾಸ್ಟಿಕ್ ಸೋಡಾದ ನೀರಿನ್ಯಾಗ ಹಾಯಿಸು, ಗಂಧಕ ಅಲ್ಲೇ ಉಳೀತದ ಅಂತ. ಕಾಲ ಹಿಡೀತೇನಿ, ತಪ್ಪಾತು ಅಂತ. ಉತ್ತರ ಬರಲಿಲ್ಲ. ನನ್ನ ಮಾರಿ ನೋಡಬಾರದು ಅಂತ ಠರಾಯಿಸ್ಯಾನ ಅಂದಕೊಂಡೆ."

ಮೈಲಾರಪ್ಪ ನೋಟ್ ಪುಸ್ತಕದ ಹಿಂಬದಿಯ ರಟ್ಟನ್ನು ತಿರುವಿದ. ಅಲ್ಲಿ ಪೆನ್ಸಿಲಿನಲ್ಲಿ, ತಾರೀಖಿಲ್ಲದೆ ಗೀಚಿದ ಸಾಲೊಂದಿತ್ತು. ಇದುವರೆಗೆ ಅದನ್ನು ಅವನು ಜಗಳದ ಮಾತೆಂದೇ ತಿಳಿದಿದ್ದ. ಪುಸ್ತಕವನ್ನು ಮಾಸ್ತರನ ಕೈಗೆ ಕೊಟ್ಟ.

ಗಂಗಾಧರ ಚಾಳೀಸು ಏರಿಸಿಕೊಂಡು ಓದಿದ.

"ಗಂ. ಹುಚ್ಚ. ಮೊದಲು ತಪ್ಪು ಮಾಡಿದವನು ನಾನು. ಇಪ್ಪತ್ನಾಲ್ಕಕ್ಕೆ ಅವನನ್ನು ಕರೆಸಬೇಕು, ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಬೇರೆ ಕಾಗದ ಬರೆಯಬೇಕು, ಇಬ್ಬರ ಹೆಸರಿನಲ್ಲಿ."

ಅವನು ಪುಸ್ತಕವನ್ನು ಮುಚ್ಚಲಿಲ್ಲ, ಮರಳಿ ಕೊಡಲೂ ಇಲ್ಲ. ಆ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು, ದನಿಯೇ ಬಾರದಂತೆ ಅತ್ತ. ಗಿರಿಯಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಮೈಲಾರಪ್ಪ ಕಾದ. ಅಳುವವನನ್ನು ಅವಸರಿಸುವುದು ಅವನಿಂದ ಎಂದೂ ಆಗಿರಲಿಲ್ಲ. ಆದರೆ ತಲೆಯೊಳಗೆ ಲೆಕ್ಕ ಬೇರೆಯಾಗತೊಡಗಿತ್ತು. ಒಬ್ಬನ ಕೈ ಒಂಬತ್ತನೆಯ ತಾರೀಖಿನ ಎಣ್ಣೆಯನ್ನು ಕೆಡಿಸಿತ್ತು. ಇನ್ನೊಬ್ಬನ ಕೈ ಹದಿನಾಲ್ಕರದನ್ನು ಕೆಡಿಸಿತ್ತು. ಹದಿನಾಲ್ಕಕ್ಕೆ ವಿರೂಪಾಕ್ಷನ ಹತ್ತಿರ ಸೋಡಾ ನೀರು ಇತ್ತು, ಗಾಳಿ ಶುದ್ಧವಾಗಿದೆಯೆಂಬ ನಂಬಿಕೆ ಇತ್ತು.

"ಮಾಸ್ತರ, ಸೋಡಾದ ನೀರು ಪಾಷಾಣದ ಗಾಳಿ ತಡೀತೈತೇನು?"

"ಇಲ್ಲ. ಅದು ಹಂಗಽ ದಾಟಿ ಬರ್ತದ."

"ಅದು ಎಷ್ಟು ಮಂದಿಗೆ ಗೊತ್ತಿರ್ತೈತಿ? ಇಲ್ಲೆ, ಈ ಮೂರ ಊರಾಗ?"

ಗಂಗಾಧರ ತಲೆಯೆತ್ತಿದ. ಬಾಯಿ ಅರ್ಧ ತೆರೆಯಿತು. ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

"ಏನಾತ್ರಿ?"

"ಕಾರ್ಡಿನ್ಯಾಗ..." ಎಂದ ಅವನು. "ಕಾರ್ಡಿನ ಕಡೀಗೆ ಇನ್ನ ಎರಡ ಸಾಲ ಬರದಿದ್ದೆ."

"ಏನಂತ?"

ಅವನು ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ.

"ಗಂಧಕಾನಽ ಹಾಕಿದ್ದು ನಿನ್ನ ಪುಣ್ಯ, ನನ್ನ ಪುಣ್ಯ. ಅದರ ಬದಲಿ ಸತುವಿನ್ಯಾಗ ಒಂದ ಚಿಟಿಕಿ ಪಾಷಾಣ ಬಿದ್ದಿದ್ರ ಸೋಡಾದಾಗೂ ನಿಲ್ತಿರಲಿಲ್ಲ, ನಿನಗ ಗೊತ್ತೂ ಆಗ್ತಿರಲಿಲ್ಲ, ಜ್ವರ ಬಂದು ಹ್ವಾದ ಅಂತ ಮಂದಿ ಅಂತಿದ್ರು."

ಹೊರಗೆ ಹರಾಜಿನ ಸವಾಲು ಕೂಗುವವನ ದನಿ ಏರುತ್ತ ಇತ್ತು.

"ನಾನಽ ಕಲಿಸಿಕೊಟ್ಟೆ," ಎಂದ ಗಂಗಾಧರ. "ಕ್ಷಮಾ ಕೇಳಲಿಕ್ಕೆ ಬರದ ಕಾರ್ಡಿನ್ಯಾಗ ಅವನ್ನ ಹೆಂಗ ಕೊಲ್ಲಬೇಕು ಅಂತ ನಾನಽ ಬರದ ಕೊಟ್ಟೆ."

ಮೈಲಾರಪ್ಪ ಮುಂದೆ ಬಾಗಿದ. "ಆ ಕಾರ್ಡ ಯಾವ ಪೋಸ್ಟಿನ್ಯಾಗ ಹಾಕಿದ್ರಿ?"

"ಪೋಸ್ಟಿಗೆ ಹಾಕಲಿಲ್ಲ. ಆಯಿತವಾರ ಇತ್ತು, ಸ್ವಾಮಾರ ಹೋಗಿ ಮುಟ್ಟೋದ್ರಾಗ ಮಂಗಳವಾರ ಆಗ್ತದ. ಹಾವೇರಿ ಸ್ಟೇಶನ್ನಿಗೆ ಓಡಿದೆ. ಮಧ್ಯಾಹ್ನದ ಗಾಡಿಗೆ ಹೊಂಟವರ ಒಬ್ರ ಕೈಯಾಗ ಕೊಟ್ಟೆ. ಲಗೂ ಮುಟ್ಟಸ್ರಿ ಅಂತ ಕೈ ಮುಗಿದೆ."

"ಯಾರ ಕೈಯಾಗ?"

ಗಂಗಾಧರ ತಿರುಗಿ ನೋಡಿದ.

ಗಿರಿಯಪ್ಪ ಗೋಡೆಯ ಕಡೆಯಿಂದ ಮುಖ ತಿರುಗಿಸಿದ್ದ. ಹೆಗಲ ಮೇಲಿನ ವಲ್ಲಿ ತೆಗೆದು ಕುತ್ತಿಗೆ ಒರೆಸಿಕೊಂಡ.

"ನನ್ನ ಕೈಯಾಗ ಕೊಟ್ರು, ಖರೆ," ಎಂದ. "ಅವತ್ತ ರಾಣೇಬೆನ್ನೂರಿಗೆ ಹೊಂಟಿದ್ದೆ. ಸಂಜಿಗೆ ವಿರೂಪಾಕ್ಷಪ್ಪನ ಕೈಯಾಗ ಮುಟ್ಟಿಸಿದೆ. ಇದರಾಗ ಮುಚ್ಚಿಡೂದು ಏನೈತಿ?"

"ಈ ಮಾಸ್ತರಿಗೂ ನಿನಗೂ ಬಳಕಿ ಇಲ್ಲ ಅಂದಿ."

"ಬಳಕಿ ಇಲ್ಲಂತಽ ಅಂದೇನಿ. ಗುರುತಽ ಇಲ್ಲ ಅಂದಿಲ್ಲ."

"ಕಾರ್ಡ ಓದಿದಿ."

ಗಿರಿಯಪ್ಪ ನಕ್ಕ. ಸಂತೋಷದ ನಗೆಯಲ್ಲ. "ಸಾಹೇಬ್ರ, ನನಗ ಅಂಕಿ ಬಿಟ್ರ ಅಕ್ಷರ ಬರೂದಿಲ್ಲ. ಹೆಬ್ಬೆಟ್ಟು ಒತ್ತಾಂವ ನಾನು. ಬ್ಯಾಡಗ್ಯಾಗ ಯಾರನ್ನ ಬೇಕಾರ ಕೇಳ್ರಿ."

ಅದು ನಿಜ. ಮೈಲಾರಪ್ಪನಿಗೂ ಗೊತ್ತಿತ್ತು.

"ಹಂಗಾರ ಆ ಕಾರ್ಡ ಹಾದ್ಯಾಗ ಯಾರೂ ಓದಿಲ್ಲ."

ಗಿರಿಯಪ್ಪ ವಲ್ಲಿಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.

"ಓದ್ಯಾರ," ಎಂದ. "ಮಾಸ್ತರು ಅಳಾಕತ್ತಿದ್ರು. ಇದರಾಗ ಅಂಥಾದೇನೈತಿ ಅಂತ ನನ್ನ ಜೀವಕ್ಕ ಸಮಾಧಾನ ಆಗಲಿಲ್ಲ. ಗಾಡ್ಯಾಗ ಒಬ್ರು ಗುರುತಿನವರು ಕುಂತಿದ್ರು, ಓದಿ ಹೇಳ್ರಿ ಅಂತ ಕೊಟ್ಟೆ. ಅರ್ಧ ಓದಿ ಹೇಳಿದ್ರು. ಉಳದದ್ದು ತಮ್ಮಷ್ಟಕ್ಕ ತಾವಽ ಓದಿಕೊಂಡ್ರು. ಓದಿ, ಮತ್ತೊಮ್ಮೆ ಓದಿದ್ರು."

"ಯಾರು?"

"ಆಣಿ ಹಾಕಿಸಿಕೊಂಡಾರ ನನ್ನ ಕಡಿಂದ. ಗಾಡ್ಯಾಗ ನನ್ನ ನೋಡೀರಿ ಅಂತ ಯಾರ ಮುಂದನೂ ಅನಬ್ಯಾಡ್ರಿ ಅಂತ."

"ಗಿರಿಯಪ್ಪ, ಹೆಸರ ಹೇಳು."

"ಮಥುರಾಬಾಯಿ," ಎಂದ ಅವನು. "ವಿರೂಪಾಕ್ಷಪ್ಪನ ಹೇಣ್ತಿ."

ಮೈಲಾರಪ್ಪ ಕೋಟಿನ ಒಳಜೇಬಿಗೆ ಕೈ ಹಾಕಿದ. ಮಥುರಾಬಾಯಿ ತನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿದ ಹೇಳಿಕೆ ಅಲ್ಲಿತ್ತು. ಹಾವೇರಿಯ ತವರಿಗೆ ದೀಪಾವಳಿಗೆ ಹೋದವಳು, ಗಂಡನಿಗೆ ಮೈ ನೆಟ್ಟಗಿಲ್ಲವೆಂದು ತಿಳಿದು ಡಿಸೆಂಬರ್ ಹದಿನೆಂಟಕ್ಕೆ ಮೊದಲ ಸಲ ಹಾವೇರಿ ಬಿಟ್ಟೆ ಎಂದು ಬರೆದಿದ್ದಳು. ಅವನು ಆ ಸಾಲನ್ನು ಗಟ್ಟಿಯಾಗಿ ಓದಿದ. ಆ ಪ್ರಕಾರ ಹದಿನಾಲ್ಕರ ಎಣ್ಣೆ ಕೆಡುವಾಗ ಅವಳು ಹಾವೇರಿಯಲ್ಲೇ ಇರಬೇಕಿತ್ತು.

"ಹನ್ನೊಂದಕ್ಕ ಆಕಿ ಗಾಡ್ಯಾಗ ಹೆಂಗ ಇರ್ತಾಳ? ನೀ ಸುಳ್ಳ ಹೇಳಾಕತ್ತೀದಿ."

"ನಂಬೂದು ಬಿಡೂದು ನಿಮಗ ಬಿಟ್ಟದ್ದು."

"ಮಾಸ್ತರ, ನೀವು ನೋಡೀರೇನು ಆಕೀನ?"

ಗಂಗಾಧರ ಇಲ್ಲವೆಂದು ತಲೆಯಾಡಿಸಿದ. ಕಾರ್ಡು ಕೊಟ್ಟವನೇ ಅವನು ಹಿಂದೆ ನೋಡದೆ ಸ್ಟೇಶನ್ನಿನಿಂದ ಓಡಿ ಬಂದಿದ್ದ.

"ಆಕಿ ರಾಣೇಬೆನ್ನೂರಿಗೆ ಬರಲಿಲ್ರಿ," ಎಂದ ಗಿರಿಯಪ್ಪ. "ಇಲ್ಲೇ ಬ್ಯಾಡಗ್ಯಾಗ ಇಳದ್ಲು. ಇಲ್ಲಿ ಆಕೀಗೆ ನೆಂಟರಿಲ್ಲ, ಬೀಗರಿಲ್ಲ. ನನಗೂ ಚಮತ್ಕಾರ ಅನಿಸ್ತು. ಕಾರ್ಡ ನನ್ನ ಕೈಯಾಗ ವಾಪಸ್ ಕೊಟ್ಟು, ಇಳಿಯೂ ಮುಂದ ಒಂದ ಮಾತು ಕೇಳಿದ್ಲು."

"ಏನ ಕೇಳಿದ್ಲು?"

ಗಿರಿಯಪ್ಪ ಮೊದಲ ಬಾರಿಗೆ ಫೌಜದಾರನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನಿಮ್ಮ ಗೋದಾಮಿನ್ಯಾಗ ಇಲಿ ಭಾಳ ಆಗ್ಯಾವೇನ್ರಿ, ಅಂತ."